ಹಸಿ ಗೋಡೆ ಹುಡುಗರ ತಪ್ಪೇ?

ಕಿಟಕಿ ತೆರೆಯದ, ಒದ್ದೆ ಬಟ್ಟೆ ಒಳಗೇ ಒಣಹಾಕುವ ಕಾಲೇಜು ಹುಡುಗರಿಂದಲೇ ಬಾಡಿಗೆ ಕೋಣೆಗಳು ಹಾಳಾಗುತ್ತಿವೆ ಎಂಬರ್ಥದ ಲೇಖನ ಓದಿದೆ. ಬರೆದವರು ಕೊಟ್ಟೂರಿನಲ್ಲೋ ಹರಪನಹಳ್ಳಿಯಲ್ಲೋ ಮಳೆಗಾಲದ ಒಂದು ರಾತ್ರಿ ಅಂಥ ಕೋಣೆಯಲ್ಲಿ ಮಲಗಿ ನೋಡಲಿ.

ನಮ್ಮದು ಬರದ ಸೀಮೆ, ಒಪ್ಪೋಣ. ಆದರೂ ಮಾಳಿಗೆ ಮನೆಯ ಮೇಲಿನ ಮಣ್ಣನ್ನು ಆಗಾಗ ಹೊಸದಾಗಿ ಹಾಕಿ ತುಳಿಸದಿದ್ದರೆ ಒಂದೇ ಹದ ಮಳೆಗೆ ಸೋರುತ್ತದೆ. ತಾವಿದ್ದಾಗ ಹಾಕಿಸುತ್ತಿದ್ದ ಯಜಮಾನರು ಆರ್‌ಸಿಸಿ ಮನೆಗೆ ಹೋದ ಮೇಲೆ ಹಳೆಯದನ್ನು ಹುಡುಗರಿಗೆ ಕೊಟ್ಟು ಮರೆತರು. ಇನ್ನು ಗೋಡೆಯ ಬುಡ. ಮೊಣಕಾಲೆತ್ತರಕ್ಕೆ ಸುಣ್ಣ ಉಬ್ಬಿ, ಬೆರಳು ತಾಗಿದರೆ ಬಿಳಿ ಉಪ್ಪಿನ ಪುಡಿ ಉದುರುತ್ತದಲ್ಲ, ಅದು ತಳಪಾಯದಿಂದ ಏರಿದ ನೀರಿನ ಕೆಲಸ. ಒದ್ದೆ ಟವೆಲ್ಲು ನೆಲದೊಳಗಿನ ಉಪ್ಪನ್ನು ಮೇಲಕ್ಕೆ ತರುವುದಿಲ್ಲ, ಸ್ವಾಮಿ. ಪ್ರತಿ ಜೂನ್‌ನಲ್ಲಿ ಅದರ ಮೇಲೇ ಬಣ್ಣ ಬಳಿದು ಬಾಡಿಗೆ ಏರಿಸುವುದು ಬೇರೆ.

‘ಅವರೇ ರಿಪೇರಿ ಮಾಡಿಸಿಕೊಳ್ಳಲಿ’ ಎನ್ನುತ್ತೀರಿ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಮನ್ನೂ ಓದಿ. ಮಾಲೀಕರ ಹೊಣೆಯ ದುರಸ್ತಿಯನ್ನು ನೋಟಿಸ್ ಕೊಟ್ಟರೂ ಅವರು ಮಾಡದಿದ್ದರೆ, ಬಾಡಿಗೆದಾರ ತಾನೇ ಮಾಡಿಸಿ ಖರ್ಚನ್ನು ಬಡ್ಡಿಸಮೇತ ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು. ಆದರೆ ಹೊಣೆ ಯಾರದೆಂದು ತೋರಿಸಲು ಕರಾರುಪತ್ರ ಬೇಕು. ಅಡ್ವಾನ್ಸಿಗೆ ರಸೀದಿಯೂ ಸಿಗದ ಹುಡುಗ ಅದನ್ನು ಎಲ್ಲಿಂದ ತಂದಾನು?

ರಿಪೇರಿಗೆ ದುಡ್ಡಾದರೂ ಎಲ್ಲಿದೆ? ಹಾಸ್ಟೆಲ್ ಸೀಟು ಸಿಗದ ಹಿಂದುಳಿದ ವರ್ಗದ ವಿದ್ಯಾರ್ಥಿಗಳಿಗೆಂದು 2013ರಲ್ಲಿ ಬಂದ ವಿದ್ಯಾಸಿರಿ ಯೋಜನೆಯಲ್ಲಿ ಆರಂಭದಲ್ಲಿ ಕೊಡುತ್ತಿದ್ದದ್ದು ತಿಂಗಳಿಗೆ 1,500 ರೂಪಾಯಿ, ಹತ್ತೇ ತಿಂಗಳು, ಊಟ ವಸತಿ ಎರಡಕ್ಕೂ. ಸಿಮೆಂಟು ಚೀಲವನ್ನು ಅದರಲ್ಲಿ ಯಾವ ಬಾಬ್ತಿಗೆ ಬರೆಯಬೇಕೋ ಲೇಖಕರೇ ಹೇಳಲಿ.