ಮನೆಯ ರೌಟರೂ ತಯಾರಕರ ಹೊಣೆಯೂ

ಮನೆಗಳೊಳಗೆ ಅಂತರ್ಜಾಲವನ್ನು ಹಂಚುವ ರೌಟರೆಂಬ ಪೆಟ್ಟಿಗೆಯನ್ನು ನಡೆಯಿಸುವುದು ಅದರೊಳಗಿನ ಫರ್ಮ್‌ವೇರೆಂಬ ತಂತ್ರಾಂಶವು. ಅನೇಕ ರೌಟರುಗಳಲ್ಲಿ ಗುಪ್ತಪದವನ್ನು ಬದಲಿಸುವ ಪುಟವೇ ಸುಲಭವಾಗಿ ಸಿಕ್ಕದು. ಸೂಚನೆಗಳು ಪರಿಣತರಿಗಲ್ಲದೆ ತಿಳಿಯವು. ದೋಷಗಳನ್ನು ತಿದ್ದುವ ಹೊಸ ಆವೃತ್ತಿಯು ತಾನಾಗಿ ಬಾರದು. ಹೀಗಿರಲು ಬಳಸುವವರ ಅಜ್ಞಾನವನ್ನು ದೂಷಿಸುವುದು ನ್ಯಾಯವಲ್ಲವೆಂದು ನಾವು ಭಾವಿಸುತ್ತೇವೆ. 2016ರಲ್ಲಿ ಮಿರಾಯ್ ಎಂಬ ದುಷ್ಟ ತಂತ್ರಾಂಶವು, ಕಾರ್ಖಾನೆಯಲ್ಲಿಯೇ ಇಟ್ಟ ಸುಮಾರು 60 ಗುಪ್ತಪದಗಳನ್ನು ಪ್ರಯೋಗಿಸಿ, ರೌಟರು, ಕ್ಯಾಮರಾ ಮೊದಲಾದ ಲಕ್ಷಗಟ್ಟಲೆ ಯಂತ್ರಗಳನ್ನು ವಶಮಾಡಿಕೊಂಡಿತು. ಬ್ರಿಟನ್ನಿನಲ್ಲಿ 2024ರ ಏಪ್ರಿಲ್ 29ರಿಂದ ಇಂತಹ ಯಂತ್ರಗಳೆಲ್ಲಕ್ಕೂ ಒಂದೇ ಗುಪ್ತಪದವನ್ನಿಡುವುದು ನಿಷಿದ್ಧ. ಎಷ್ಟು ಕಾಲ ತಿದ್ದುಪಡಿಯನ್ನು ಒದಗಿಸುವರೆಂಬುದನ್ನೂ ತಯಾರಕರು ತಿಳಿಸತಕ್ಕದ್ದು. ಪೋಷಕರೇ, ಪೂರ್ವ ವಿದ್ಯಾರ್ಥಿನಿಯರೇ, ಕೊಳ್ಳುವ ಮುನ್ನ ನೀವೂ ಅಂಗಡಿಯವರನ್ನು ಈ ಎರಡನ್ನೇ ಕೇಳಿರಿ. ಕೊಳ್ಳುವವರು ಕೇಳದಿರುವ ತನಕ ಮಾರುವವರು ತಿದ್ದಿಕೊಳ್ಳರು.