ಎರಡೂ ಕಡೆ ಸಮ ಬೇಡ!



ಕ್ರಿ.ಪೂ. 326ರ ಝೇಲಂ ನದಿಯ ಯುದ್ಧವನ್ನು ಬಣ್ಣದ ಮಣ್ಣಿನ ಗೊಂಬೆಗಳಿಂದ ಆಡಬೇಕೆಂದು ತರಗತಿಯವರೆಲ್ಲ ಒಪ್ಪಿದ್ದೇವೆ. ಜಗಳ ಇರೋದು ಲೆಕ್ಕದಲ್ಲಿ. ಎರಡೂ ಕಡೆಗೆ ಐವತ್ತೈವತ್ತು ಗೊಂಬೆ ಇರಲಿ ಅಂತ ಹೆಚ್ಚಿನವರ ವಾದ. ನಾನು ಒಪ್ಪೋದಿಲ್ಲ. ಅದು ಕಬಡ್ಡಿ ಆಗುತ್ತದೆ, ಯುದ್ಧ ಆಗೋದಿಲ್ಲ.

ಗ್ರೀಕ್ ಇತಿಹಾಸಕಾರ ಅರಿಯನ್ ಬರೆದಂತೆ ಪೋರಸನ ಕಾಲಾಳು 30,000, ಕುದುರೆ 4,000, ರಥ 300, ಆನೆ 200. ನದಿ ದಾಟಿ ಬಂದ ಅಲೆಕ್ಸಾಂಡರನ ಕಾಲಾಳು ಸುಮಾರು 6,000, ಕುದುರೆ 5,000. 500ಕ್ಕೆ ಒಂದು ಗೊಂಬೆ ಅಂದರೆ ಪೋರಸನಿಗೆ 60 ಕಾಲಾಳು, 8 ಕುದುರೆ; ಅಲೆಕ್ಸಾಂಡರನಿಗೆ 12 ಕಾಲಾಳು, 10 ಕುದುರೆ. ಆದರೆ ಈ ಲೆಕ್ಕದಲ್ಲಿ ಒಂದು ಆನೆಯೂ ಬರೋದಿಲ್ಲ! ಅದಕ್ಕೇ 20 ಆನೆಗೆ ಒಂದರಂತೆ 10, 50 ರಥಕ್ಕೆ ಒಂದರಂತೆ 6 ಮಾಡೋಣ.

ಅಷ್ಟು ದೊಡ್ಡ ಸೈನ್ಯ ಯಾಕೆ ಸೋತಿತು? ಅಲೆಕ್ಸಾಂಡರ್ ಮಳೆಯ ರಾತ್ರಿಯಲ್ಲಿ ದೂರ ಹೋಗಿ ಗುಟ್ಟಾಗಿ ನದಿ ದಾಟಿದ. ಪೋರಸನ ಮಗನ ರಥಗಳು ಕೆಸರಲ್ಲಿ ಸಿಕ್ಕಿಕೊಂಡವು. ಗಾಯಗೊಂಡ ಆನೆಗಳು ತಮ್ಮವರನ್ನೇ ತುಳಿದವು. ಗೊಂಬೆಗಳನ್ನು ಸಮ ಮಾಡಿದರೆ ಈ ಪ್ರಶ್ನೆಯೇ ಏಳೋದಿಲ್ಲ.

"ಪೋರಸ್ ಸೋಲ್ತಾನೆ, ಆ ಕಡೆ ನಾವು ಬರಲ್ಲ" ಅಂತಾರೆ ಕೆಲವರು. ಸೋಲನ್ನು ಮೊದಲೇ ಬರೆದಿಟ್ಟರೆ ಅದು ನಾಟಕ. ನಾವು ದಾಳ ಹಾಕೋಣ. ಕೆಸರಿಗೂ, ಆನೆ ಬೆದರೋದಕ್ಕೂ ನಿಯಮ ಮಾಡೋಣ. ಗೆಲ್ಲಲಿ ಬಿಡಲಿ, ಪೋರಸನ ಕಡೆ ನಾನು ನಿಲ್ತೀನಿ. ಆದರೆ 84 ಗೊಂಬೆ ಒಬ್ಬನ ಕೈಯಲ್ಲಿ ಆಗೋದಿಲ್ಲ. ಮಣ್ಣು ಕಲಸೋಕೆ ಯಾರು ಬರ್ತೀರಿ?