ಇಪ್ಪತ್ನಾಲ್ಕು ಕುರ್ಚಿಯ ಹೋಟೆಲು

ಸಣ್ಣ ಹೋಟೆಲಿನವನೊಬ್ಬ "ಇನ್ನು ಮೇಲೆ ನಮ್ಮಲ್ಲಿ ಬೀಡಿ ಸಿಗರೇಟು ಸೇದುವ ಹಾಗಿಲ್ಲ" ಎಂದು ಬೋರ್ಡು ಹಾಕಿದರೆ, ಅದೇನೋ ಮಹಾ ಸಾಹಸ ಎಂಬಂತೆ ನಾವು ಮಾತಾಡುತ್ತೇವೆ. ಇಗತಪುರಿಯಲ್ಲಿ, ನಾಶಿಕಕ್ಕೆ ಹೋಗುವಾಗ ನಾವು ಚಹಾಕ್ಕೆ ನಿಲ್ಲುವ ಒಂದು ಹೋಟೆಲಿನಲ್ಲೂ ಇಂಥ ಬೋರ್ಡು ಬಂದಿದೆ. ಕೆಳಗೆ ಆರು ಮೇಜು, ಮೇಲೆ ಎಂಟು ರೂಮು, ಅಷ್ಟೇ. "ಪಾಪ, ಗಿರಾಕಿ ಕಳಕೊಳ್ತಾನೆ" ಅಂದರು ಜೊತೆಗಿದ್ದ ಗೆಳೆಯರೊಬ್ಬರು. "ಏನೇ ಹೇಳಿ, ಮೆಚ್ಚಬೇಕು" ಅಂದರು ಇನ್ನೊಬ್ಬರು. ನನಗೆ ಎರಡೂ ಪೂರ್ತಿ ಸರಿ ಅನ್ನಿಸಲಿಲ್ಲ.

ಯಾಕೆ ಅಂದರೆ, ಕಾನೂನು ನೋಡಿದರೆ ಇದು ಅವನ ಇಷ್ಟಕ್ಕೆ ಬಿಟ್ಟ ವಿಷಯವೇ ಅಲ್ಲ. 2003ರ ತಂಬಾಕು ಕಾಯ್ದೆಯ ಅಡಿಯಲ್ಲಿ ಮಾಡಿದ ನಿಯಮಗಳು 2008ರ ಅಕ್ಟೋಬರ್ 2ರಿಂದ ಜಾರಿಯಲ್ಲಿವೆ. ಲಾಡ್ಜಾದರೆ 30 ರೂಮು, ಊಟದ ಹೋಟೆಲಾದರೆ 30 ಜನ ಕೂರುವಷ್ಟು ಜಾಗ ಇದ್ದರೆ ಮಾತ್ರ ಸೇದುವವರಿಗೆ ಬೇರೆ ಜಾಗ ಮಾಡಿಕೊಡಬಹುದು. ಊಟದ ಹೋಟೆಲಿನಲ್ಲಾದರೆ ಅದಕ್ಕೆ ನಾಲ್ಕೂ ಕಡೆ ಪೂರ್ತಿ ಎತ್ತರದ ಗೋಡೆ, ತಾನಾಗಿ ಮುಚ್ಚಿಕೊಳ್ಳುವ ಬಾಗಿಲು, ಹೊಗೆ ಹೊರಗೆ ಹೋಗುವ ವ್ಯವಸ್ಥೆ ಎಲ್ಲಾ ಬೇಕು. ನಮ್ಮ ಹೋಟೆಲಿನದು ಆರು ಮೇಜಿಗೆ ನಾಲ್ಕರಂತೆ 24 ಕುರ್ಚಿ. ಅಲ್ಲಿಗೆ ಮಾತು ಮುಗಿಯಿತು. ಮೇಜಿನ ಮೇಲೆ ಆಶ್‌ಟ್ರೇ, ಬೆಂಕಿಪೊಟ್ಟಣ ಕೂಡ ಇಡುವಂತಿಲ್ಲ. ಯಾರಾದರೂ ದೂರು ಕೊಟ್ಟ ಮೇಲೂ ಮಾಲೀಕ ಸುಮ್ಮನಿದ್ದರೆ, ಎಷ್ಟು ಜನ ಸೇದಿದರೋ ಅಷ್ಟು ಜನರ ದಂಡ ಅವನ ತಲೆಗೆ.

ಇದಕ್ಕೂ ಮುಂಚೆ, 2001ರ ನವೆಂಬರಿನಲ್ಲಿ, ನಮ್ಮ ಮುಂಬಯಿಯ ಮುರಳಿ ದೇವರಾ ಹಾಕಿದ್ದ ಅರ್ಜಿಯ ಮೇಲೆ ಸುಪ್ರೀಂ ಕೋರ್ಟು ಆಸ್ಪತ್ರೆ, ಶಾಲೆ, ಲೈಬ್ರರಿ, ಬಸ್ಸು, ರೈಲುಗಳಲ್ಲಿ ಸೇದುವುದನ್ನು ತಡೆಯಲು ಆದೇಶಿಸಿತ್ತು. ಆ ಪಟ್ಟಿಯಲ್ಲಿ ಹೋಟೆಲು ಇರಲಿಲ್ಲ. ನಾನು ಬ್ಯಾಂಕಿಗೆ ಸೇರಿದ ತೊಂಬತ್ತರ ದಶಕದಲ್ಲಿ ಮ್ಯಾನೇಜರ ಮೇಜಿನ ಮೇಲೆ ಆಶ್‌ಟ್ರೇ ಇರುತ್ತಿತ್ತು, ಸಾಲ ಕೇಳಲು ಬಂದವರು ಆ ಹೊಗೆಯಲ್ಲೇ ಕೂರುತ್ತಿದ್ದರು. ಈಗಿನ ಹುಡುಗರಿಗೆ ಹೇಳಿದರೆ ನಂಬುವುದಿಲ್ಲ!

ಹಾಗಾದರೆ ಆ ಹೋಟೆಲಿನವನು ಮಾಡಿದ್ದರಲ್ಲಿ ಹೆಚ್ಚೇನೂ ಇಲ್ಲವೇ? ಇದೆ. ಕೇಂದ್ರದ ಕಾಯ್ದೆಯಲ್ಲಿ ದಂಡ ಇರುವುದು 200 ರೂಪಾಯಿಯವರೆಗೆ. ಕರ್ನಾಟಕ 2025ರಲ್ಲಿ ಜಾರಿಗೆ ಬಂದ ತನ್ನ ತಿದ್ದುಪಡಿಯಲ್ಲಿ ಅದನ್ನು 1000ಕ್ಕೆ ಏರಿಸಿತು. ದಂಡ ಹಾಕುವವರು ಕಣ್ಣಿಗೇ ಬೀಳದ ರಸ್ತೆಯಲ್ಲಿ, ಕಾನೂನು ಪಾಲಿಸಿದವನಿಗೇ ನಷ್ಟ. ಪಕ್ಕದ ಢಾಬಾದವನು ಆಶ್‌ಟ್ರೇ ಇಟ್ಟು ಕೂತಿರುತ್ತಾನೆ. ನಾಲ್ಕು ಜನರ ಕಾರಿನಲ್ಲಿ ಒಬ್ಬ ಸೇದುವವನಿದ್ದರೂ ಸಾಕು, ನಾಲ್ಕೂ ಚಹಾ ಅಲ್ಲಿಗೇ ಹೋಗುತ್ತವೆ. ಆ ಲೆಕ್ಕ ಗೊತ್ತಿದ್ದೂ ಬೋರ್ಡು ಹಾಕಿದ್ದಕ್ಕೆ ಅವನಿಗೆ ನನ್ನ ನಮಸ್ಕಾರ.

ಅಂದ ಹಾಗೆ, ಹಳೆಯ ಉಡುಪಿ ಹೋಟೆಲುಗಳ ಗೋಡೆಯ ಮೇಲೆ "ಧೂಮಪಾನ ನಿಷೇಧಿಸಿದೆ" ಎಂಬ ಬೋರ್ಡನ್ನು ಈ ಕಾಯ್ದೆಗೂ ಮುಂಚೆಯೇ ಕಂಡವರು ನಮ್ಮಲ್ಲಿ ಬಹಳ ಜನ ಇರಬೇಕು. ಅದು ಆರೋಗ್ಯದ ಕಾಳಜಿಯೋ, ಸಿಗರೇಟು ಹಚ್ಚಿದವನು ಒಂದು ಕಾಫಿಗೆ ಅರ್ಧ ಗಂಟೆ ಮೇಜು ಹಿಡಿದು ಕೂರುತ್ತಾನೆಂಬ ಲೆಕ್ಕವೋ! ನನ್ನ ಅನುಮಾನ ಎರಡನೆಯದರ ಮೇಲೆ.

ಗಿರಾಕಿಯ ಮಾತೇ ಆಯಿತು. ನನ್ನನ್ನು ಕಾಡುವುದು ಮೇಜು ಒರೆಸುವ ಹುಡುಗ. ನಾವು ಇಪ್ಪತ್ತು ನಿಮಿಷ ಕೂತು ಎದ್ದು ಹೋಗುತ್ತೇವೆ. ಅವನು ಬೆಳಿಗ್ಗೆಯಿಂದ ರಾತ್ರಿಯವರೆಗೆ ಅಲ್ಲೇ. ಮಳೆಗಾಲದಲ್ಲಿ ಘಾಟಿನ ಮಂಜು ಗಾಳಿ ಎಂದು ಕಿಟಕಿ ಬಾಗಿಲೆಲ್ಲ ಹಾಕಿರುತ್ತಾರೆ, ಹೊಗೆ ಒಳಗೇ ಸುತ್ತುತ್ತದೆ. ಎಷ್ಟೋ ಹೋಟೆಲುಗಳಲ್ಲಿ ಹುಡುಗರು ರಾತ್ರಿ ಮಲಗುವುದೂ ಅದೇ ಮೇಜುಗಳ ನಡುವೆ. ನಮ್ಮೂರ ಕಡೆಯಿಂದ ಬಂದು ಹೀಗೇ ಹೋಟೆಲಿನಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಓದಿದವರು ನಮ್ಮ ನಡುವೆಯೇ ಎಷ್ಟಿಲ್ಲ?

"ಸೇದದೆ ಇರಲಾರೆ" ಎನ್ನುವವರಿಗೆ ಇದೇ ಇಗತಪುರಿಯ ಧಮ್ಮಗಿರಿಯನ್ನು ತೋರಿಸಬೇಕು. ಅಲ್ಲಿ 1976ರಿಂದ ವಿಪಶ್ಯನಾ ಶಿಬಿರ ನಡೆಯುತ್ತಿದೆ. ಹತ್ತು ದಿನ ತಂಬಾಕು ಇಲ್ಲ, ಹತ್ತನೆಯ ದಿನದವರೆಗೆ ಮಾತೂ ಇಲ್ಲ. ಹತ್ತು ದಿನ ಆಗುವುದಾದರೆ ಒಂದು ಚಹಾ ಕುಡಿಯುವಷ್ಟು ಹೊತ್ತು ಆಗುವುದಿಲ್ಲವೇ?

ಒಂದು ತಕರಾರು ಮಾತ್ರ ನನಗಿದೆ. ಬೀಡಿ ಹಚ್ಚಿದ ಲಾರಿ ಡ್ರೈವರನನ್ನು ಗದರಿಸಿ ಎಬ್ಬಿಸುವುದು ಸುಲಭ. ಮಳೆ ನೋಡಲು ಮುಂಬಯಿಯಿಂದ ಬಂದು ಮೇಲಿನ ರೂಮು ಹಿಡಿದವನು ಕಿಟಕಿಯ ಬಳಿ ನಿಂತು ಸಿಗರೇಟು ಸೇದಿದರೆ? ಇದೇ ಜಿಲ್ಲೆಯ ಸಿನ್ನರಿನಲ್ಲಿ, ನಮ್ಮ ನಿಪ್ಪಾಣಿಯಲ್ಲಿ, ಹೆಂಗಸರು ಬೆನ್ನು ಬಗ್ಗಿಸಿ ಕಟ್ಟುವ ಬೀಡಿಗೊಂದು ನ್ಯಾಯ, ರೂಮಿನ ಬಾಡಿಗೆ ಕೊಟ್ಟವನ ಸಿಗರೇಟಿಗೊಂದು ನ್ಯಾಯ ಆಗಬಾರದು.

ನಿಯಮದ ಪ್ರಕಾರ, ಯಾರಾದರೂ ಸೇದಿದರೆ ಯಾರಿಗೆ ದೂರು ಕೊಡಬೇಕೆಂದು ಹೆಸರು ಬರೆದು ಹಾಕಬೇಕು. ಆ ಹೋಟೆಲಿನ ಬೋರ್ಡಿನಲ್ಲಿ ಆ ಜಾಗ ಇನ್ನೂ ಖಾಲಿ ಇದೆ. ಅಲ್ಲಿ ಮಾಲೀಕ ತನ್ನ ಹೆಸರನ್ನೇ ಬರೆಯಲಿ. "ಒಂದೇ ಒಂದು, ಬೇಗ ಮುಗಿಸ್ತೀನಿ" ಎಂದು ಕೇಳುವ ಗಿರಾಕಿಗೆ ಇಲ್ಲ ಎನ್ನುವ ಕೆಲಸವನ್ನು ಮೇಜು ಒರೆಸುವ ಹುಡುಗನ ಮೇಲೆ ಹೊರಿಸುವುದು ಬೇಡ.